ಪಂಚಮಿಯ ದಿನ ತಂಗಿ ಬಿಟ್ಟ ಹಾವು

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಮೈಸೂರಿನಲ್ಲಿ ಮೊದಲು ಕೇಳುವುದು, ಆ ದೊಡ್ಡ ಜಲಪಾತ ನೋಡಿದಿರಾ ಎಂದು. ನಾನು ನೋಡಲಿಲ್ಲ. ಅದು ದೇಶದ ಆ ತುದಿಯಲ್ಲಿದೆ, ನಾನಿದ್ದದ್ದು ಈ ತುದಿಯಲ್ಲಿ, ಸಿಯಾಟಲ್ ಕಡೆ. ನಾನು ನೋಡಿದ್ದು ಒಂದು ಪುಟ್ಟ ದ್ವೀಪ, ಅಲ್ಲಿಗೆ ಬೇರೆ ಕಡೆಯಿಂದ ಬಂದು ಸೇರಿಕೊಂಡ ಹಾವುಗಳ ಕಥೆ, ಮತ್ತು ಆ ಹಾವುಗಳ ಶ್ವಾಸಕೋಶದಲ್ಲಿ ಸೇರಿಕೊಂಡ ಹುಳುಗಳು. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ಕಾಫಿ ಲೋಟ ಕೆಳಗಿಟ್ಟು, ಅಲ್ಲಿ ಚಳಿ ಹೇಗೆ ಎಂದು ವಿಚಾರಿಸುತ್ತಾರೆ. ಚಳಿ ಇರಲಿಲ್ಲ, ಬೇಸಿಗೆ. ಆದ್ದರಿಂದ ಬಾಯಲ್ಲಿ ಹೇಳಲಾಗದ್ದನ್ನು ಬರೆದೇ ಬಿಡುತ್ತಿದ್ದೇನೆ.

ವುಡಿನ್‌ವಿಲ್

ಹೋದದ್ದು ನಾನು ಮತ್ತು ನನ್ನ ತಂಗಿ ಸುಗುಣ, ಅವಳ ಮಗಳು ಮೈತ್ರಿಯ ವುಡಿನ್‌ವಿಲ್ ಊರಿನ ಮನೆಗೆ. ನಾನು ಮದುವೆಯಾಗದೆ ಉಳಿದ ಇಂಗ್ಲಿಷ್ ಮೇಡಂ, ರಿಟೈರ್ ಆಗಿ ಕಾಲವಾಯಿತು. ಸುಗುಣ ನನಗಿಂತ ಚಿಕ್ಕವಳು, ನನಗಿಂತ ದೈವಭಕ್ತೆ, ನನಗಿಂತ ಚೆನ್ನಾಗಿ ನಡೆಯುತ್ತಾಳೆ.

ವುಡಿನ್‌ವಿಲ್ ಸುತ್ತ ವೈನ್ ಮಾಡುವ ಕಡೆಗಳು ಬಹಳ. ಮೊದಲ ದಿನ ಸುಗುಣ ಕಾರಿನಿಂದ ನೋಡಿ, "ಎಷ್ಟು ಚೆನ್ನಾಗಿ ದ್ರಾಕ್ಷಿ ಹಬ್ಬಿಸಿದಾರೆ ಅಕ್ಕ, ಪುಣ್ಯಾತ್ಮರು," ಎಂದಳು. ಒಳಗಿಂದ ಹೊರಗೆ ಬರುತ್ತಿದ್ದವರ ಮುಖದ ಸಂತೋಷ ನೋಡಿದ ಮೇಲೆ ಹೊಗಳುವುದನ್ನು ನಿಲ್ಲಿಸಿದಳು. ಮೈತ್ರಿಯ ಗಂಡ ಹರೀಶ ಕೆಲಸಕ್ಕೆ ಹೋಗುವುದು ಡೆನ್ನಿ ಟ್ರಯಾಂಗಲ್ ಎಂಬ ಕಡೆಗೆ. ಅಲ್ಲಿ ದೊಡ್ಡ ದೊಡ್ಡ ಗಾಜಿನ ಗುಮ್ಮಟಗಳು, ಒಳಗೆ ಗಿಡಮರ, ಗಿಡಮರಗಳ ನಡುವೆ ಲ್ಯಾಪ್‌ಟಾಪ್ ಹಿಡಿದು ಕೂತ ಜನ. ಸುಗುಣ ಹೊರಗಿನಿಂದ ನೋಡಿ, "ಲಾಲ್‌ಬಾಗ್ ಗಾಜಿನ ಮನೆ ಥರಾನೇ ಇದೆ. ಫ್ಲವರ್ ಷೋ ಯಾವಾಗಪ್ಪ?" ಎಂದು ಅಳಿಯನನ್ನು ಕೇಳಿದಳು. ಅವನು, "ಅತ್ತೆ, ಇಲ್ಲಿ ವರ್ಷವೆಲ್ಲಾ ನಮ್ಮದೇ ಷೋ," ಎಂದ.

ಮೈತ್ರಿಯದು ಬೇರೆ ದಾರಿ. ಅವಳು ಕಾಡುಪ್ರಾಣಿಗಳ ಇಲಾಖೆಯೊಂದರಲ್ಲಿ ಪರಾವಲಂಬಿಗಳನ್ನು ಅಭ್ಯಾಸ ಮಾಡುವವಳು, ಅಂದರೆ ಪ್ರಾಣಿಗಳ ಮೈಯೊಳಗೆ ಪುಕ್ಕಟೆ ವಾಸ ಮಾಡುವ ಹುಳುಗಳನ್ನು. "ಒಳ್ಳೆ ಪರಾವಲಂಬಿ ತಾನಿರೋ ಮನೆ ಹಾಳು ಮಾಡಲ್ಲ ದೊಡ್ಡಮ್ಮ," ಎಂದು ಅವಳು ವಿವರಿಸಿದಾಗ, ನಾನು ಎದ್ದು ಹೋಗಿ ಬಾತ್‌ರೂಮಿನ ಲೈಟ್ ಆರಿಸಿ ಬಂದೆ. ಮಗಳು ಹಾವಿನ ಹೊಟ್ಟೆಯ ಹುಳು ನೋಡುತ್ತಾಳೆ ಎಂಬುದಷ್ಟು ಸುಗುಣಳಿಗೆ ಗೊತ್ತಿತ್ತು. ಅದರಿಂದ ಅವಳು, ಹಾವುಗಳಿಗೆ ಜಂತುಹುಳದ ಔಷಧಿ ಕೊಡುತ್ತಾಳೆ ಎಂದು ತೀರ್ಮಾನಿಸಿದ್ದಳು. ಮನೆದೇವರು ಸುಬ್ಬಪ್ಪ, ಮಗಳು ಸುಬ್ಬಪ್ಪನ ಡಾಕ್ಟರು. ಅಲ್ಲಿನ ದೇವಸ್ಥಾನದಲ್ಲಿ ಸಿಕ್ಕ ಕನ್ನಡದವರಿಗೆಲ್ಲ ಇದನ್ನೇ ಹೇಳಿ ಬಂದಳು. ಯಾರೂ ತಿದ್ದಲಿಲ್ಲ.

ಒಂದು ಸಂಜೆ ಪಾತ್ರೆ ಜೋಡಿಸುತ್ತ ಮೈತ್ರಿ ನನ್ನೊಬ್ಬಳಿಗೇ ಹೇಳಿದಳು:

"ದೊಡ್ಡಮ್ಮ, ನಾನು ಹಾವು ಹಿಡಿದು ನಿದ್ದೆ ಮಾಡಿಸ್ತೀನಿ. ಆಮೇಲೆ ಕೊಯ್ದು ಹುಳ ತೆಗೀತೀನಿ."

"ನಿದ್ದೆಯಿಂದ ಯಾವಾಗ ಏಳುತ್ತೆ?"

"ಏಳಲ್ಲ." ಡಿಶ್‌ವಾಷರ್ ಬಾಗಿಲು ಹಾಕಿದಳು. "ಅಮ್ಮಂಗೆ ಹೇಳೋಕೆ ಧೈರ್ಯ ಬಂದಿಲ್ಲ."

ಧೈರ್ಯ ಬಾರದ್ದಕ್ಕೆ ಕಾರಣವಿದೆ. ನಾವಿಬ್ಬರೂ ಓದಿದ ಕಾನ್ವೆಂಟಿನ ಅಂಗಳದಲ್ಲಿ ಕಲ್ಲು ಜೋಡಿಸಿ ಮಾಡಿದ ಒಂದು ಗುಹೆ ಇತ್ತು. ಅದರಲ್ಲಿ ನೀಲಿ ಸೆರಗಿನ ಮೇರಿಯಮ್ಮ, ಅವಳ ಪಾದದ ಕೆಳಗೆ ಒಂದು ಹಾವು. ಕ್ಲಾಸಿನಲ್ಲಿ ಸಿಸ್ಟರ್ ಅದು ಸೈತಾನ ಎನ್ನುತ್ತಿದ್ದರು. ಸಂಜೆ ಮನೆಗೆ ಬಂದರೆ ಅದೇ ದೇವರು. ನನಗೆ ಇದರಿಂದ ತೊಂದರೆ ಆಗಲಿಲ್ಲ, ನಾಲ್ಕು ಗಂಟೆಯ ಬೆಲ್ ಹೊಡೆದಾಗ ಅಭಿಪ್ರಾಯ ಬದಲಿಸಿಕೊಳ್ಳುತ್ತಿದ್ದೆ. ಸುಗುಣಳಿಗೆ ಹಾಗೆ ಬದಲಿಸಿಕೊಳ್ಳಲು ಆಗಲಿಲ್ಲ. ಅವಳು ದಿನಾ ಜಡೆಯ ಹೂ ಬಿಚ್ಚಿ ಆ ಹಾವಿನ ತಲೆಯ ಮೇಲೆ ಇಟ್ಟು ಬರುತ್ತಿದ್ದಳು, ಪಾಪ ತುಳಿಸಿಕೊಂಡಿದೆ ಎಂದು. ಸಿಸ್ಟರ್‌ಗಳು ಅದು ಮೇರಿಯಮ್ಮನಿಗೆಂದು ತಿಳಿದರು. ವರ್ಷದ ಕೊನೆಯಲ್ಲಿ ಅವಳಿಗೆ ಪ್ರೈಜ್ ಫಾರ್ ಡಿವೋಷನ್ ಕೊಟ್ಟರು. ಅವಳು ತೆಗೆದುಕೊಂಡಳು.

ಮುಕಿಲ್ಟಿಯೊ

ಆಗಸ್ಟಿನಲ್ಲಿ ಮೈತ್ರಿಗೆ ದ್ವೀಪದಲ್ಲಿ ಕೆಲಸ. ನಮ್ಮನ್ನೂ ಕರೆದುಕೊಂಡು ಹೊರಟಳು. ಮನೆಯಲ್ಲಿ ನಮ್ಮಿಬ್ಬರನ್ನೇ ಬಿಟ್ಟರೆ ಹರೀಶನ ಗತಿ ಏನು ಎಂಬ ಯೋಚನೆಯೂ ಇದ್ದಿರಬಹುದು.

ವಿಮಾನ ಕಟ್ಟುವ ಕಾರ್ಖಾನೆಯ ಪಕ್ಕದಿಂದ ಇಳಿದರೆ ಮುಕಿಲ್ಟಿಯೊ ದಡ, ಅಲ್ಲಿಂದ ಕಾರುಗಳನ್ನೂ ದಾಟಿಸುವ ಫೆರಿ. ಕಾರುಗಳು ಸಾಲಾಗಿ ನಿಂತಿದ್ದವು. ಯಾರೂ ಹಾರ್ನ್ ಹೊಡೆಯಲಿಲ್ಲ, ಯಾರೂ ಪಕ್ಕದ ಸಂದಿಯಲ್ಲಿ ಮೂತಿ ತೂರಿಸಲಿಲ್ಲ. ಇಂಥ ಮೌನ ನಮ್ಮಲ್ಲಿ ಸಾವಿನ ಮನೆಯಲ್ಲೂ ಸಿಗುವುದಿಲ್ಲ. ಫೆರಿಯ ಮೇಲಂತಸ್ತಿನ ಟೇಬಲ್ ಮೇಲೆ ಅರ್ಧ ಜೋಡಿಸಿದ ಜಿಗ್‌ಸಾ ಪಜಲ್ ಒಂದಿತ್ತು. ಯಾರೋ ಶುರು ಮಾಡುತ್ತಾರೆ, ದಡ ಬಂದರೆ ಬಿಟ್ಟು ಇಳಿಯುತ್ತಾರೆ, ಮುಂದಿನವರು ಒಂದೆರಡು ತುಂಡು ಸೇರಿಸುತ್ತಾರೆ. ಯಾರೂ ಪೂರ್ತಿ ಚಿತ್ರ ನೋಡುವುದಿಲ್ಲ, ಯಾರಿಗೂ ಬೇಸರವಿಲ್ಲ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಇಟ್ಟರೆ, ಆಕಾಶದ ತುಂಡುಗಳು ಮೊದಲ ದಿನವೇ ಮಕ್ಕಳ ಜೇಬಿನಲ್ಲಿ ಮನೆ ಸೇರುತ್ತಿದ್ದವು. ನನಗೆ ಒಂದು ದೋಣಿಯ ಮೂಗು ಸಿಕ್ಕಿತು, ಕೂಡಿಸಿದೆ. ಅಷ್ಟರಲ್ಲಿ ಇಳಿಯಬೇಕಾಯಿತು.

ದೊಡ್ಡ ದ್ವೀಪ ದಾಟಿ, ಅದರ ಆಚೆಯಿಂದ ಪುಟ್ಟ ಮೋಟಾರು ದೋಣಿಯಲ್ಲಿ ಪುಟ್ಟ ದ್ವೀಪಕ್ಕೆ. ಅದರ ಹೆಸರು ಬರೆಯಬೇಡಿ ಎಂದು ಮೈತ್ರಿ ಹೇಳಿದ್ದಾಳೆ. ಬರೆದರೆ ಹಾವು ನೋಡಲು ಜನ ಬರುತ್ತಾರಂತೆ. ಆ ಜನ ಎಂಥವರೋ.

ದ್ವೀಪ

ನಾವು ಇಳಿದುಕೊಂಡದ್ದು ಮಾರ್ಗಿ ಎಂಬ ಮುದುಕಿಯ ಮರದ ಮನೆಯಲ್ಲಿ. ಮುದುಕಿ ಎಂದೆ, ನನಗಿಂತ ಎರಡು ಮೂರು ವರ್ಷ ಚಿಕ್ಕವಳು. ಗಂಡಸಿನ ಬೂಟು, ತಲೆಗೆ ಸ್ಕಾರ್ಫು. ಬೇಸಿಗೆಯಲ್ಲಿ ಅಲ್ಲಿ ಎಲ್ಲರ ತೋಟದಲ್ಲೂ ಸೌತೆಯಂಥ ಝುಕಿನಿ ಕಾಯಿ ವಿಪರೀತ ಬಿಡುತ್ತದೆ. ತಿಂದು ಮುಗಿಸಲಾಗದವರು ಅಕ್ಕಪಕ್ಕದವರ ಬಾಗಿಲಲ್ಲಿ ಇಟ್ಟು ಓಡಿಹೋಗುತ್ತಾರೆ. ಮಾರ್ಗಿ ಅದನ್ನು ತುರಿದು ಬ್ರೆಡ್ ಮಾಡಿ ನಮಗೆ ಕೊಟ್ಟಳು. ನಮಗೆ ಓಡಿಹೋಗಲು ದಾರಿ ಇರಲಿಲ್ಲ, ಸುತ್ತ ನೀರು.

ಹಾವಿನ ಕಥೆ ಅವಳೇ ಹೇಳಿದಳು. ದ್ವೀಪದ್ದೇ ಆದ ಹಾವು ಒಂದಿದೆ, ಪೆನ್ಸಿಲ್ ದಪ್ಪ, ಬೆನ್ನ ಮೇಲೆ ಹಳದಿ ಗೀರು, ವಿಷವಿಲ್ಲ. ಚಿಪ್ಪಿಲ್ಲದ ಬಸವನಹುಳು ತಿಂದುಕೊಂಡು ಅವಳ ಲೆಟಸ್ ಸೊಪ್ಪು ಕಾಯುತ್ತದೆ. ಅದನ್ನು ಅವಳು "ಅವರ್ ಗರ್ಲ್ಸ್" ಎನ್ನುತ್ತಾಳೆ. ಇನ್ನೊಂದು, ಪರ್ವತದ ಆಚೆಯ ಒಣ ಸೀಮೆಯದು, ಮುಂಗೈ ದಪ್ಪ. ಇಲಿ ಹಿಡಿಯಲಿ ಎಂದು ಹಿಂದೊಬ್ಬ ತಂದು ಬಿಟ್ಟನಂತೆ. ಇಲಿ ಹಿಡಿಯಿತು. ಇಲಿ ಮುಗಿದ ಮೇಲೆ ವಾಪಸ್ಸು ಹೋಗು ಎಂದರೆ ಕೇಳುವುದಕ್ಕೆ ಅದೇನು ಬಾಡಿಗೆ ಬೆಕ್ಕೇ?

"ಅವು ಇರೋದು ಅಷ್ಟು ತೊಂದರೆ ಅಲ್ಲ ದೊಡ್ಡಮ್ಮ, ಅವು ತಂದಿರೋ ಹುಳ ತೊಂದರೆ," ಎಂದಳು ಮೈತ್ರಿ. ದೊಡ್ಡ ಹಾವಿಗೂ ಆ ಹುಳಕ್ಕೂ ತಲೆಮಾರುಗಳ ಪರಿಚಯ, ಒಂದಕ್ಕೊಂದು ಹೊಂದಿಕೊಂಡಿವೆ. ಆದರೆ ದೊಡ್ಡ ಹಾವಿನ ಹೇಲಿನಲ್ಲಿ ಹುಳದ ಮೊಟ್ಟೆ, ಅದನ್ನು ಬಸವನಹುಳು ಮೇಯುತ್ತದೆ, ಬಸವನಹುಳುವನ್ನು ಪುಟ್ಟ ಹಾವು ತಿನ್ನುತ್ತದೆ. ಪುಟ್ಟ ಹಾವಿಗೆ ಆ ಹುಳ ಹೊಸದು. ಅದರ ಶ್ವಾಸಕೋಶ ತುಂಬಿಹೋಗುತ್ತದೆ.

ಆದ್ದರಿಂದ ಮೈತ್ರಿ ಐದಾರು ಬೇಸಿಗೆಯಿಂದ ದೊಡ್ಡ ಹಾವುಗಳನ್ನು ಹಿಡಿದು ತೆಗೆಯುತ್ತಿದ್ದಾಳೆ. ಮೊಣಕಾಲೆತ್ತರ ಬಟ್ಟೆಯ ಬೇಲಿ, ಬೇಲಿಯ ತುದಿಗೆ ಜಾಲರಿಯ ಪೆಟ್ಟಿಗೆ. ಬೇಲಿಯ ಗುಂಟ ಹರಿದ ಹಾವು ಪೆಟ್ಟಿಗೆ ಸೇರುತ್ತದೆ. ಅಲ್ಲಲ್ಲಿ ಹುಲ್ಲಿನ ಮೇಲೆ ಹಾಸಿದ ತಗಡುಗಳು, ಬಿಸಿಲಿಗೆ ಕಾದರೆ ಹಾವು ಅಡಿಗೆ ಸೇರುತ್ತದೆ. ಹೋದ ವರ್ಷದ ಕೊನೆಯಿಂದ ಒಂದೂ ಸಿಕ್ಕಿರಲಿಲ್ಲ. ಈ ಬೇಸಿಗೆಯೂ ಬರಿದೇ ಹೋದರೆ ಮುಗಿದ ಹಾಗೆ. ಮುಂದಿನ ವರ್ಷಕ್ಕೆ ಇಲಾಖೆ ಯಾರನ್ನೂ ಕಳಿಸುವುದಿಲ್ಲ. ಒಂದು ಹೆಣ್ಣು ಉಳಿದಿದ್ದರೂ ಸಾಕು, ಅದು ಮೊಟ್ಟೆಯಿಟ್ಟು ಎಲ್ಲ ಮೊದಲಿನಿಂದ, ತೆಗೆಯಲು ಯಾರೂ ಇರುವುದಿಲ್ಲ.

ಇದೆಲ್ಲ ನಡೆಯುವಾಗ ಸುಗುಣ ಒಳಗೆ ಜಪದಲ್ಲಿದ್ದಳು. ಹೊರಗೆ ಬಂದು ಪೆಟ್ಟಿಗೆಗಳನ್ನು ನೋಡಿ, "ಕ್ಲಿನಿಕ್ಕು ಇಷ್ಟು ಚಿಕ್ಕದಾ?" ಎಂದಳು.

ಪಂಚಮಿ

ಮೂರನೆಯ ಬೆಳಿಗ್ಗೆ ನಾಗರಪಂಚಮಿ. ನಮ್ಮಲ್ಲಿ ಅಂದು ಕತ್ತಿ ಹಿಡಿಯುವಂತಿಲ್ಲ, ಹೆಂಚು ಇಡುವಂತಿಲ್ಲ, ಮಣ್ಣು ಅಗೆಯುವಂತಿಲ್ಲ. ಮಾರ್ಗಿಯ ಬ್ರೆಡ್ಡನ್ನು ಕೈಯಲ್ಲಿ ಮುರಿದೆವು. ಅವಳು ಇದೇನು ಧರ್ಮವೋ ಎಂದು ಕೇಳಲೂ ಇಲ್ಲ, ತಾನೂ ಮುರಿದಳು.

ಅದಕ್ಕೂ ಮೊದಲೇ ಸುಗುಣ ಸ್ನಾನ ಮಾಡಿ, ಸೀರೆಯ ಮೇಲೆ ಹರೀಶನ ಜಾಕೆಟ್ ಹಾಕಿ, ಕಾಲಿಗೆ ಸ್ಪೋರ್ಟ್ಸ್ ಷೂ ಕಟ್ಟಿ, ಹಾಲಿನ ಲೋಟ ಹಿಡಿದು ಹುತ್ತ ಹುಡುಕಲು ಹೊರಟಿದ್ದಳು. ನಾನು ಮಂಡಿ ನೋವಿನಿಂದ ಮನೆಯಲ್ಲೇ ಉಳಿದೆ, ಅಲ್ಲಿ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ಮರಗಳ ಕೆಳಗೆ ಒಣ ಕಡ್ಡಿ, ಪೈನ್ ಎಲೆ ಸೇರಿಸಿ ಇರುವೆಗಳು ಕಟ್ಟಿದ ಗುಡ್ಡೆಯೊಂದು ಅವಳಿಗೆ ಸಿಕ್ಕಿತು. ಆಕಾರ ಹುತ್ತದ್ದೇ. ತನಿ ಎರೆದಳು. ಅಮೆರಿಕದ ಇರುವೆಗಳಿಗೆ ಈ ಪದ್ಧತಿ ತಿಳಿದಿರಲಿಲ್ಲ. ಅವಳು ಸೀರೆ ಕೊಡವಿಕೊಂಡು ಪ್ರದಕ್ಷಿಣೆಯನ್ನು ಸ್ವಲ್ಪ ಬೇಗನೆ ಮುಗಿಸಿ ಆ ಕಡೆಯ ಇಳಿಜಾರಿಗೆ ಹೋದಳು.

ತಿಂಡಿಯ ಹೊತ್ತಿಗೆ ಮುಖದಲ್ಲಿ ಬೆಳಕು ಹೊತ್ತು ಬಂದಳು.

"ಮೈತ್ರಿ, ನಿನ್ನ ಕೊನೇ ಪೆಟ್ಟಿಗೇಲಿ ನಾಗಪ್ಪ ಸಿಕ್ಕಿಹಾಕ್ಕೊಂಡಿದ್ದ ಕಣೆ. ನಾನು ತನಿ ಎರೆದು ತಿರುಗಿದ್ರೆ ದರ್ಶನ! ಎಷ್ಟು ದೊಡ್ಡವನು. ಪಂಚಮಿ ದಿನ ಬೋನಲ್ಲಿ ಇರಬಾರದು ಅಂತ ಚಿಲಕ ತೆಗೆದು ಬಿಟ್ಟೆ."

ಮೈತ್ರಿ ಕಾಫಿ ಮಗ್ ಕೆಳಗಿಟ್ಟಳು. "ಎಷ್ಟು ದೊಡ್ಡದು?"

ಸುಗುಣ ಎರಡು ಕೈ ಅಗಲಿಸಿದಳು. ಮನೆಯ ಹಜಾರ ಅಷ್ಟು ಅಗಲ ಇರಲಿಲ್ಲ, ಒಂದು ಕೈ ಕಿಟಕಿಗೆ ತಗುಲಿತು.

"ಯಾವ ಕಡೆ ಹೋಯ್ತು?"

"ದೇವರು ಯಾವ ಕಡೆ ಹೋದ ಅಂತ ಯಾರಾದ್ರೂ ನೋಡ್ತಾರಾ? ನಾನು ಕಣ್ಮುಚ್ಚಿ ಕೈ ಮುಗಿದಿದ್ದೆ. ಯಾಕೆ ಹಾಗೆ ನೋಡ್ತೀಯ? ಔಷಧಿ ನಾಳೆ ಕೊಟ್ರಾಯ್ತು."

"ಅಮ್ಮ, ನಾನು ಹಾವಿಗೆ ಔಷಧಿ ಕೊಡಲ್ಲ."

"ಮತ್ತೆ?"

ಮೈತ್ರಿ ನನ್ನ ಮುಖ ನೋಡಿದಳು. ನಾನು ಬ್ರೆಡ್ ನೋಡಿದೆ.

"ಸಾಯಿಸ್ತೀನಿ."

ಮಾರ್ಗಿಗೆ ಕನ್ನಡ ಬಾರದು. ಆದರೂ ಅವಳು ಎದ್ದು, ಲೆಟಸ್‌ಗೆ ನೀರು ಹಾಕಬೇಕು ಎಂದು ಹೊರಗೆ ಹೋದಳು. ಸುಗುಣ ಕೂಗಾಡಲಿಲ್ಲ. "ಎಷ್ಟು ವರ್ಷದಿಂದ?" ಎಂದಳು.

"ಇಲ್ಲಿಗೆ ಬರೋಕೆ ಶುರು ಮಾಡಿದಾಗಿಂದ."

"ನಾನು ವರ್ಷಾ ವರ್ಷಾ ಘಾಟೀಲಿ ನಿನ್ನ ಹೆಸರಲ್ಲಿ ಪೂಜೆ ಮಾಡಿಸ್ತಿದ್ದೆ. ನಮ್ಮ ಮಗು ನಿನ್ನ ಸೇವೆ ಮಾಡ್ತಿದಾಳಪ್ಪ ಅಂತ ಹೇಳ್ಕೊಂಡು." ಎದ್ದು ನಿಂತಳು. "ಆ ಕೈಯಿಂದ ನನಗೆ ಇನ್ನು ನೀರೂ ಬೇಡ. ಅಕ್ಕ, ಟಿಕೆಟ್ಟು ಬೇಗ ಹೊರಡೋ ಹಾಗೆ ಬದಲಾಯಿಸು. ನಾನು ಊರಿಗೆ ಹೋಗ್ತೀನಿ."

"ಹೋಗು," ಎಂದಳು ಮೈತ್ರಿ. "ಆದ್ರೆ ಅದು ಕೊನೇದಿತ್ತೋ ಏನೋ ಅಮ್ಮ. ಒಂದೇ ಒಂದು ಉಳಿದಿತ್ತೋ ಏನೋ."

ಅವಳ ಧ್ವನಿ ಏರಿರಲಿಲ್ಲ. ನನಗೆ ಏರಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅಂದು ಸುಗುಣ ಮಗಳು ಮುಟ್ಟಿದ್ದು ಏನನ್ನೂ ತಿನ್ನಲಿಲ್ಲ. ನೀರನ್ನು ತಾನೇ ನಲ್ಲಿಯಿಂದ ಹಿಡಿದು ಕುಡಿದಳು. ಮೈತ್ರಿ ಕತ್ತಲಾಗುವ ತನಕ ತಗಡುಗಳನ್ನು ಎತ್ತಿ ಎತ್ತಿ ನೋಡುತ್ತಿದ್ದಳು. ಅಲ್ಲಿ ಬೇಸಿಗೆಯಲ್ಲಿ ಕತ್ತಲಾಗುವುದೇ ಇಲ್ಲ ಎನ್ನುವಷ್ಟು ತಡ. ಇಬ್ಬರ ನಡುವೆ ಕೂತು ನಾನು ಹಳೆಯ ಮ್ಯಾಗಜೀನಿನಲ್ಲಿ ಕುರಿಗಳ ಗೊರಸಿನ ಕಾಯಿಲೆಯ ಬಗ್ಗೆ ಒಂದು ಲೇಖನ ಪೂರ್ತಿ ಓದಿದೆ. ಚೆನ್ನಾಗಿತ್ತು.

ಷೂ ಡಬ್ಬಿ

ಮರುದಿನ ಮಾರ್ಗಿ ಒಂದು ಷೂ ಡಬ್ಬಿ ತಂದು ಟೇಬಲ್ ಮೇಲಿಟ್ಟಳು. "ಒನ್ ಆಫ್ ಅವರ್ ಗರ್ಲ್ಸ್," ಎಂದಳು. ಒಳಗೆ ಪುಟ್ಟ ಹಾವು, ಬೆನ್ನಿನ ಹಳದಿ ಗೀರು ನಮ್ಮ ಹುಡುಗಿಯರ ಜಡೆಯ ರಿಬ್ಬನ್ನಿನಷ್ಟು ಅಚ್ಚುಕಟ್ಟು. ತಲೆ ಮೇಲೆತ್ತಿ ಬಾಯಿ ತೆರೆದುಕೊಂಡಿತ್ತು. ಹೆದರಿಸಲಿಕ್ಕಲ್ಲ, ಉಸಿರಿಗೆ. ಪ್ರತಿ ಉಸಿರಿಗೂ ಗಂಟಲಲ್ಲಿ ಸಣ್ಣ ಗುಳ್ಳೆ. ಬಾಯಿಯ ಅಂಚಿನಲ್ಲಿ ಬಿಳಿ ದಾರದಂಥದ್ದು ಒಂದು ಕಾಣುತ್ತಿತ್ತು. ಆ ದಾರ ಅಲುಗಾಡಿತು.

ಸುಗುಣ ಬಾಗಿಲಲ್ಲಿ ನಿಂತಿದ್ದವಳು ಹತ್ತಿರ ಬಂದಳು.

"ಇದಕ್ಕೇನಾಗಿದೆ?" ಎಂದು ನನ್ನನ್ನು ಕೇಳಿದಳು. ಮಗಳ ಜೊತೆ ಮಾತಿಲ್ಲ.

ಮೈತ್ರಿ ನನಗೇ ಉತ್ತರ ಕೊಟ್ಟಳು. "ದೊಡ್ಡ ಹಾವು ತಂದ ಹುಳ ದೊಡ್ಡಮ್ಮ. ಇದಕ್ಕೆ ತಡೆಯೋ ಶಕ್ತಿ ಇಲ್ಲ."

"ಇದಕ್ಕಾದ್ರೂ ಔಷಧಿ ಕೊಡಬಹುದಾ ಕೇಳು ಅಕ್ಕ."

"ಈ ಹಂತದಲ್ಲಿ ಆಗಲ್ಲ ಅಂತ ಹೇಳಿ ದೊಡ್ಡಮ್ಮ."

ನಾನು ಅಂಚೆ ಕಚೇರಿಯಂತೆ ಇಬ್ಬರದನ್ನೂ ತಲುಪಿಸಿದೆ. ಸುಗುಣ ಕುರ್ಚಿ ಎಳೆದು ಡಬ್ಬಿಯ ಪಕ್ಕ ಕೂತಳು. ಒಂದು ಚಮಚದಲ್ಲಿ ನೀರು ಹಿಡಿದಳು. ಹಾವು ಕುಡಿಯಲಿಲ್ಲ. ಊಟದ ಹೊತ್ತಿಗೆ ಅದರ ಬಾಯಿ ತೆರೆದೇ ಇತ್ತು, ಗುಳ್ಳೆ ಮಾತ್ರ ಬರುತ್ತಿರಲಿಲ್ಲ. ಮಾರ್ಗಿ ಮೂಗು ಒರೆಸಿಕೊಂಡು, ಈ ಜೂನ್‌ನಿಂದ ತೋಟದಲ್ಲಿ ಹೀಗೆ ಸಿಕ್ಕದ್ದು ಇದೇ ಮೊದಲಲ್ಲ ಎಂದಳು.

ಆಗ ಸುಗುಣ ಮಗಳ ಕಡೆ ತಿರುಗಿದಳು. "ಇದೂ ನಾಗಪ್ಪನೇ ತಾನೆ?"

"ನಂಗೇನು ಗೊತ್ತಮ್ಮ. ನೀನು ಹೇಳು."

ಸುಗುಣ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ತೆಗೆದು, ಒಂದು ಡೇರೆ ಹೂವಿನ ಎಸಳು ಒಳಗಿಟ್ಟು ಮತ್ತೆ ಹಾಕಿದಳು.

ತಗಡಿನ ಹತ್ತಿರ

ಅಂದು ಮಧ್ಯಾಹ್ನದಿಂದ ಸುಗುಣ ಇಳಿಜಾರಿನಲ್ಲಿ, ತಾನು ಹಾವು ಬಿಟ್ಟ ಕಡೆ, ಮಡಚುವ ಕುರ್ಚಿ ಹಾಕಿಕೊಂಡು ಕೂತಳು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಪ್ರಾಯಶ್ಚಿತ್ತವೋ, ಇನ್ನೊಂದು ದರ್ಶನಕ್ಕೋ, ಅಥವಾ ಹಾವಿಗೆ ಓಡು ಎಂದು ಹೇಳಲಿಕ್ಕೋ. ನಾನು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಪಕ್ಕದಲ್ಲಿ ಕೂತೆ. ಕೆಳಗೆ ಸಮುದ್ರ ನಮ್ಮ ಕುಕ್ಕರಹಳ್ಳಿ ಕೆರೆಯಷ್ಟು ಶಾಂತವಾಗಿತ್ತು. ನಡಿಗೆಯವರು ಇಲ್ಲದ್ದೇ ಕೊರತೆ. ನಾವಿಬ್ಬರೂ ಹೀಗೆ ಏನೂ ಮಾಡದೆ ಪಕ್ಕಪಕ್ಕ ಕೂತು ಎಷ್ಟು ವರ್ಷವಾಗಿತ್ತೋ. ಕಾನ್ವೆಂಟಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆವು, ರಿಕ್ಷಾ ಬರುವ ತನಕ.

"ಅಕ್ಕ, ಸಿಸ್ಟರ್ ಹೇಳ್ತಿದ್ದದ್ದು ಈ ಹಾವನ್ನಾ?" ಎಂದಳು ಒಮ್ಮೆ.

"ಅವರು ಹೇಳಿದ ಹಾವು ಹಣ್ಣು ತಿನ್ನಿಸಿತು ಕಣೆ. ಇದು ಹುಳ ತಂದಿದೆ."

"ಇದಕ್ಕೆ ಗೊತ್ತಿಲ್ಲ ಅಲ್ವಾ, ತನ್ನ ಹೊಟ್ಟೇಲಿ ಏನು ಹೊತ್ಕೊಂಡು ಓಡಾಡ್ತಿದೀನಿ ಅಂತ."

"ಗೊತ್ತಿರಲ್ಲ."

"ಪಾಪ," ಎಂದಳು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಮರುದಿನವೂ ಕೂತೆವು. ಅದರ ಮರುದಿನ ಬಿಸಿಲೇರುವಾಗ ನಾನು ಸ್ವಲ್ಪ ತೂಕಡಿಸಿರಬೇಕು. ಸುಗುಣಳ ಕೈ ನನ್ನ ತೋಳನ್ನು ಹಿಡಿದುಕೊಂಡಿತು. ತಗಡಿನ ಅಂಚಿನಲ್ಲಿ ಅದು ಮೈ ಚಾಚಿತ್ತು, ಹುಲ್ಲಿನ ಬಣ್ಣ, ಕಂದು ಮಚ್ಚೆ, ಅರ್ಧ ಒಳಗೆ ಅರ್ಧ ಹೊರಗೆ. ಅವಳು ಕೈ ಅಗಲಿಸಿ ತೋರಿಸಿದಷ್ಟು ದೊಡ್ಡದಿರಲಿಲ್ಲ, ಆದರೆ ಸಾಕಷ್ಟು ದೊಡ್ಡದು. ತುಂಬ ಚೆಂದದ ಪ್ರಾಣಿ. ಮೈತ್ರಿ ಕೆಳಗಿನ ಬೇಲಿಯ ಹತ್ತಿರ ನಮಗೆ ಬೆನ್ನು ಹಾಕಿ ಬಗ್ಗಿದ್ದಳು.

ಸುಗುಣ ಏನೂ ಮಾಡದೆ ಕೂತಿದ್ದರೆ ಸಾಕಿತ್ತು, ಅದು ತಾನಾಗಿ ಹೋಗುತ್ತಿತ್ತು. ನಾನೂ ಬಾಯಿ ಬಿಡುತ್ತಿರಲಿಲ್ಲ. ಅದು ಅವಳದೂ ಅವಳ ಮಗಳದೂ ವ್ಯವಹಾರ. ಅವಳ ತುಟಿ ಅಲ್ಲಾಡಿತು, ಏನೋ ಮಂತ್ರ. ಮಂತ್ರ ಪೂರ್ತಿಯಾಗುವ ತನಕ ಹೇಳಿಕೊಂಡಳು. ಆಮೇಲೆ ಕೆಳಗಿನವರಿಗೆ ಕೇಳಿಸುವಷ್ಟು, ಆದರೆ ಕೂಗಲ್ಲದ ಧ್ವನಿಯಲ್ಲಿ, "ಮೈತ್ರೀ, ಬಾ ಇಲ್ಲಿ," ಎಂದಳು.

ಮೈತ್ರಿ ತಿರುಗಿದಳು. ಸುಗುಣ ಬೆರಳು ತೋರಿಸಲಿಲ್ಲ. ಹಾವಿಗೆ ಬೆರಳು ತೋರಿಸಬಾರದು. ಗಲ್ಲ ಎತ್ತಿ ತೋರಿಸಿದಳು. ಆಮೇಲೆ ಕುರ್ಚಿಯಿಂದ ಎದ್ದು, ಸಮುದ್ರದ ಕಡೆ ಮುಖ ಮಾಡಿ, ಕೈ ಮುಗಿದು ಕಣ್ಣು ಮುಚ್ಚಿದಳು. ಮೈತ್ರಿ ಬಂದಳು, ಚೀಲದ ಬಾಯಿ ಕಟ್ಟಿದಳು.

"ಆಯ್ತಮ್ಮ," ಎಂದಳು.

ಸುಗುಣ ಇನ್ನೂ ಸ್ವಲ್ಪ ಹೊತ್ತು ಕಣ್ಣು ಬಿಡಲಿಲ್ಲ.

ವಾಪಸ್ಸು

ಅಂದು ಸಂಜೆ ಮೈತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಹಾವಿಗೆ ನಿದ್ದೆ ಮಾಡಿಸಿದಳು, ಕೊಯ್ಯುವುದು ಲ್ಯಾಬಿನಲ್ಲಿ. ಅದು ಹೆಣ್ಣು. ಕೊನೆಯದೋ ಅಲ್ಲವೋ ಎಂದು ಕೇಳಿದ್ದಕ್ಕೆ, ಗೊತ್ತಾಗಲು ಬೇಸಿಗೆ ಮುಗಿಯಬೇಕು ಎಂದಳು. ಕೊನೆಯವರು ಯಾರೆಂಬುದು ಕೊನೆಯಲ್ಲಿ ತಾನೆ ಗೊತ್ತಾಗುವುದು.

ಹೊರಡುವಾಗ ಮಾರ್ಗಿ ಡೇರೆ ಹೂಗಳನ್ನೂ ಝುಕಿನಿಗಳನ್ನೂ ಕೊಟ್ಟಳು. ಸುಗುಣಳನ್ನು ತಬ್ಬಿಕೊಂಡಳು. ಸುಗುಣ ತಬ್ಬಿಸಿಕೊಂಡಳು.

ದೊಡ್ಡ ದ್ವೀಪದ ದಡದಲ್ಲಿ ಕಾರು ಹತ್ತಿದೆವು. ನಾವಿಬ್ಬರೂ ಹಿಂದಿನ ಸೀಟಿನಲ್ಲಿ. ಮೈತ್ರಿ ಹಾವಿದ್ದ ಐಸ್ ಬಾಕ್ಸ್ ತಂದು ಅಮ್ಮನ ಕಾಲ ಬಳಿ ಇಟ್ಟಳು. ಜಾಗ ಇದ್ದದ್ದು ಅಲ್ಲೇ.

"ಕಾಲ ಹತ್ರ ಬೇಡ," ಎಂದಳು ಸುಗುಣ. "ಮೇಲಿಡು."

ಮೈತ್ರಿ ಬಾಕ್ಸನ್ನು ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಕೂರಿಸಿದಳು. ಕಾರು ಹೊರಟ ಕೂಡಲೇ ಕುಂಯ್ ಕುಂಯ್ ಎನ್ನಲು ಶುರು ಮಾಡಿತು. ಸೀಟಿನ ಮೇಲೆ ಭಾರ ಇದೆ, ಬೆಲ್ಟ್ ಇಲ್ಲ ಎಂದು ಅದರ ತಕರಾರು. ಆ ದೇಶದಲ್ಲಿ ಕಾರುಗಳೂ ಕಾನೂನು ಬಲ್ಲವು. ಸುಗುಣ ಬೆಲ್ಟ್ ಎಳೆದು ಬಾಕ್ಸಿಗೆ ಸುತ್ತಿ ಸಿಕ್ಕಿಸಿದಳು. ಸದ್ದು ನಿಂತಿತು.

ಫೆರಿಗೆ ಕಾಯುವ ಸಾಲು ಸೇರಿದೆವು.

"ಹುಳ ತೆಗೆದಾದ ಮೇಲೆ ಇದನ್ನ ಏನ್ಮಾಡ್ತಾರೆ?" ಎಂದಳು ಸುಗುಣ.

"ಲ್ಯಾಬಲ್ಲಿ ಸುಡ್ತಾರೆ ಅಮ್ಮ. ಮೆಷೀನಲ್ಲಿ."

"ತುಪ್ಪ ಹಾಕಬಹುದಾ?"

ಮೈತ್ರಿ ಕನ್ನಡಿಯಲ್ಲಿ ಅಮ್ಮನನ್ನು ನೋಡಿದಳು. ಅವಳು ನಿಜವಾಗಿ ಯೋಚಿಸುತ್ತಿರುವುದು ನನಗೆ ಕಾಣುತ್ತಿತ್ತು. ಅಲ್ಲಿ ಯಾರು ಯಾರನ್ನು ಕೇಳಬೇಕು, ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು.

"ಒಂದು ಚಮಚ," ಎಂದಳು. "ಅದಕ್ಕಿಂತ ಜಾಸ್ತಿ ಆಗಲ್ಲ."

"ಸಾಕು."

ಸುಗುಣ ಮಾರ್ಗಿಯ ಹೂಗಳಲ್ಲಿ ಒಂದನ್ನು ಆರಿಸಿ ಐಸ್ ಬಾಕ್ಸಿನ ಮುಚ್ಚಳದ ಮೇಲಿಟ್ಟಳು. ಈ ಸಲ ಪ್ರೈಜ್ ಕೊಡುವವರು ಯಾರೂ ಇರಲಿಲ್ಲ. ಮುಂದಿನ ಕಾರು ಸರಿಯಿತು, ನಾವೂ ಸರಿದೆವು, ಮೈತ್ರಿ ಎಷ್ಟು ಮೆತ್ತಗೆ ಓಡಿಸಿದಳೆಂದರೆ ಹೂ ಅಲುಗಲಿಲ್ಲ.

"ಮೈತ್ರಿ," ಎಂದಳು ಸುಗುಣ, ಕಿಟಕಿಯ ಹೊರಗೆ ನೋಡುತ್ತಲೇ. "ನೀರಿನ ಬಾಟ್ಲು ಕೊಡೆ."

ಮೈತ್ರಿ ಹಿಂದೆ ತಿರುಗದೆ ಕೈ ಚಾಚಿ ಕೊಟ್ಟಳು. ಸುಗುಣ ಎತ್ತಿ ಕುಡಿದು, ಬಾಯಿ ಒರೆಸಿಕೊಂಡು, ಬಾಟಲಿಯನ್ನು ಐಸ್ ಬಾಕ್ಸಿನ ಮೇಲಿನಿಂದ ನನಗೆ ದಾಟಿಸಿದಳು.